ಜಗ್ಗಿನೊಳಗಿನ ಕುದುರೆಗಳು

ಮೂರನೆಯ ಬಾಟಲಿಗೆ ಎಣ್ಣೆ ಸುರಿಯುತ್ತಿದ್ದಾಗ ಅಂಗಳದಲ್ಲಿ ತಗಡು ಹರಿದಂತೆ ಸದ್ದಾಯಿತು. ಶರ್ಮಿಳಾ ತಿರುಗಿ ನೋಡಲಿಲ್ಲ. ಆಲಿಕೆಯಲ್ಲಿ ಎಣ್ಣೆ ಇರುವಷ್ಟು ಹೊತ್ತು ಯಾರು ಕರೆದರೂ ಓಗೊಡಬಾರದು ಎನ್ನುವುದು ಅವಳು ತನಗೆ ತಾನೇ ಹಾಕಿಕೊಂಡಿದ್ದ ಕಟ್ಟುಪಾಡು. ಮನೆಯ ಉಳಿದ ಕಟ್ಟುಪಾಡುಗಳನ್ನೆಲ್ಲ ಬೇರೆಯವರು ಹಾಕಿದ್ದರು.

ಗೆರೆ ಕೊರೆದ ಪ್ಲಾಸ್ಟಿಕ್ ಜಗ್ಗಿನಲ್ಲಿ ಅರ್ಧ ಲೀಟರು ಅಳೆಯುವುದು, ಬಾಟಲಿಗೆ ಇಳಿಸುವುದು, ಮುಚ್ಚಳ ಬಿಗಿದು ಹಳೇ ಪಂಚೆಯ ತುಂಡಿನಿಂದ ಒರೆಸಿಡುವುದು. ತಮ್ಮದೇ ತೋಟದ ಕೊಬ್ಬರಿ, ಕಡೂರಿನ ಗಾಣದಲ್ಲಿ ತೆಗೆಸಿದ ಎಣ್ಣೆ. ವಾರಕ್ಕೆರಡು ಸಲ ಈ ಬಾಟಲಿಗಳನ್ನು ತನ್ನ ಎಕ್ಸೆಲ್ ಮೊಪೆಡ್ಡಿನ ಮುಂದೆ ಜೋಡಿಸಿಕೊಂಡು ಪಂಚನಹಳ್ಳಿಯಿಂದ ಕಡೂರಿಗೆ, ಒಮ್ಮೊಮ್ಮೆ ಬೀರೂರಿನವರೆಗೂ ಹೋಗಿ ಮನೆಮನೆಗೆ ಕೊಟ್ಟು ಬರುತ್ತಿದ್ದಳು. ಕೊಡುವುದಕ್ಕಿಂತ ಹೋಗುವುದೇ ಅವಳಿಗೆ ಮುಖ್ಯವಾಗಿತ್ತು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಲ್ಮೆಟ್ಟಿನೊಳಗೆ ಅವಳು ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದಳು. ಅತ್ತೆಗೆ ಕೊಡಲಾಗದ ಉತ್ತರಗಳನ್ನು, ಗಂಡನಿಗೆ ಕೇಳಲಾಗದ ಪ್ರಶ್ನೆಗಳನ್ನು ಆ ರಸ್ತೆಗೆ ಒಪ್ಪಿಸಿ, ಕಡೂರು ಮುಟ್ಟುವಷ್ಟರಲ್ಲಿ ಹಗುರಾಗಿರುತ್ತಿದ್ದಳು. ಎದುರು ಬರುವ ಲಾರಿಯವರು, ಈಯಮ್ಮ ಹಾಡು ಹೇಳಿಕೊಂಡು ಹೋಗುತ್ತಾಳೆ ಎಂದುಕೊಳ್ಳುತ್ತಿದ್ದರೋ ಏನೋ.

"ಅಮ್ಮಾ, ಬಸವರಾಜ ಮಾವ! ಹೊಸ ಗಾಡೀಲಿ ಬಂದಿದಾರೆ!" ಎನ್ನುತ್ತ ಮಗಳು ನಿಶ್ಚಿತಾ ಹೊರಗೆ ಓಡಿದಳು.

ಬಸವರಾಜ ಶರ್ಮಿಳಾಳ ಗಂಡ ತೀರ್ಥೇಶನ ಅಕ್ಕನ ಗಂಡ. ಅಜ್ಜಂಪುರದಲ್ಲಿ ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಬಾವ, ಬಾಮೈದ ಇಬ್ಬರಿಗೂ ಐವತ್ತು ದಾಟಿತ್ತು. ಪೈಪೋಟಿಗೆ ಮಾತ್ರ ಇನ್ನೂ ಮೀಸೆ ಚಿಗುರುತ್ತಿತ್ತು. ಬಾವನ ಬೋರ್‌ವೆಲ್ಲು ಆರ್ನೂರು ಅಡಿಗೆ ಹೋದರೆ ತೀರ್ಥೇಶನದು ಇನ್ನೂ ಐವತ್ತು ಅಡಿ ಕೆಳಗೆ ಹೋಗಲೇಬೇಕು, ನೀರು ಮೇಲೇ ಸಿಕ್ಕಿದ್ದರೂ ಸರಿಯೇ. ಬಾವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ತೀರ್ಥೇಶ ಒಂದು ವಾರ ಮಂಕಾಗಿದ್ದ. ಆಮೇಲೆ ತನಗೆ ಬಿಪಿ ಇದೆಯೆಂದು ಡಾಕ್ಟರು ಹೇಳಿದ ಮೇಲೇ ಗೆಲುವಾದದ್ದು.

ಈಗ ಅಂಗಳದಲ್ಲಿ ನಿಂತಿದ್ದ ಗಾಡಿ ಕಿತ್ತಳೆ ಬಣ್ಣದ್ದು. ಮುಂದುಗಡೆ ಮಿಡತೆಯ ಮುಖ, ಹಿಂದುಗಡೆ ಹೋಳಿಗೆಯಷ್ಟು ಅಗಲದ ಎತ್ತರದ ಸೀಟು. ಬಸವರಾಜ ಅದರಿಂದ ಇಳಿಯುವುದಕ್ಕೆ ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದು ಕೈಯಲ್ಲಿ ಹೊಂಗೆ ಮರ ಹಿಡಿಯಬೇಕಾಯಿತು.

"ಅತ್ತಿಗೆ ಬರ್ಲಿಲ್ವಾ ಅಣ್ಣಾ?" ಎಂದಳು ಶರ್ಮಿಳಾ, ಕೈ ಒರೆಸಿಕೊಳ್ಳುತ್ತ ಬಂದು.

"ಆ ಸೀಟು ನೋಡಿ, ಇದ್ರ ಮೇಲೆ ಕೂರೋಕೆ ನಾನೇನು ಕಾಗೆನಾ ಅಂದ್ಲು. ನಾಳೆ ಅಮೃತಾಪುರದ ನೆಂಟರ ಮನೆ ನಾಮಕರಣಕ್ಕೆ ಅಜ್ಜಂಪುರದಿಂದ ಬಸ್ಸಲ್ಲೇ ಬತ್ತಾಳಂತೆ."

ತೀರ್ಥೇಶ ಗಾಡಿಯ ಸುತ್ತ ಮೂರು ಸುತ್ತು ಬಂದ. ಹೋರಿ ಕೊಳ್ಳುವವನಂತೆ ಬೆನ್ನು ತಟ್ಟಿದ. "ಎಷ್ಟು ಸಿಸಿ?"

"ಮುನ್ನೂರ ತೊಂಬತ್ತೊಂಬತ್ತು."

"ಅಷ್ಟೇನಾ? ನಾನು ತಗೊಳೋದು ಆರ್ನೂರ ನಲವತ್ತೆಂಟು."

ಇದು ಶರ್ಮಿಳಾಗೆ ಹೊಸ ವಿಷಯ. ಮೂರು ತಿಂಗಳಿಂದ ಗಂಡ ಫೋನಿನಲ್ಲಿ ಬೈಕು ನೋಡುತ್ತಿದ್ದ; ನೋಡುವುದಕ್ಕೂ ತಗೊಳ್ಳುವುದಕ್ಕೂ ನಡುವೆ ತನ್ನನ್ನು ಒಂದು ಮಾತು ಕೇಳುತ್ತಾನೆ ಎಂದುಕೊಂಡಿದ್ದಳು.

"ಎಷ್ಟು ಎಚ್‌ಪಿ ಬರುತ್ತೋ ಅದಕ್ಕೆ?" ಬಸವರಾಜ ಕೇಳಿದ. ದಿನವೂ ಮೋಟಾರು ಮಾರುವವನು, ಅವನಿಗೆ ಸಿಸಿಗಿಂತ ಎಚ್‌ಪಿ ಬಾಯಿಗೆ ಬರುವ ಮಾತು.

ನಿಶ್ಚಿತಾ ಫೋನು ನೋಡಿ ಹೇಳಿದಳು. "ಅಪ್ಪಂದು ನಲವತ್ತೇಳು. ಮಾವಂದು ನಲವತ್ತಾರು."

ಬಸವರಾಜ ಎರಡೂ ಕೈ ಮೇಲೆತ್ತಿ ನಕ್ಕ. "ಲೇ ತೀರ್ಥೇಶ! ಇನ್ನೂರೈವತ್ತು ಸಿಸಿ ಜಾಸ್ತಿ ಹಾಕಿ ಒಂದೇ ಒಂದು ಕುದ್ರೆ ಜಾಸ್ತಿ ತಂದ್ಯಲ್ಲೋ! ಅದೂ ಕುಂಟ್ಕುದ್ರೆ ಇರ್ಬೇಕು!"

"ಟಾರ್ಕ್ ಇದೆ ಬಾವ, ಟಾರ್ಕ್!"

"ಟಾರ್ಕ್ ಅಂದ್ರೇನು ಹೇಳು ನೋಡೋಣ."

ತೀರ್ಥೇಶ ಕೈಯಲ್ಲಿ ಗಾಳಿಯನ್ನು ತಿರುಚಿ ತೋರಿಸಿದ. "ಹಿಂಗೆ. ಒಂಥರಾ ಜಗ್ಗು."

ಜಗಲಿಯಲ್ಲಿ ಕೂತು ಅಡಕೆ ಕತ್ತರಿಸುತ್ತಿದ್ದ ಅತ್ತೆ ಕಮಲಾಕ್ಷಮ್ಮ ಕತ್ತರಿ ಕೆಳಗಿಟ್ಟರು. "ಅಲ್ಲ ಕಣೇ ನಿಶ್ಚಿತಾ, ಈ ಸಿಸಿ ಸಿಸಿ ಅಂತಾರಲ್ಲ, ಏನದು?"

"ಎಂಜಿನ್ ಒಳಗೆ ಪಿಸ್ಟನ್ ಓಡಾಡೋಕೆ ಇರೋ ಜಾಗ ಅಜ್ಜಿ. ಒಂದು ಸಿಸಿ ಅಂದ್ರೆ ಒಂದು ಎಂಎಲ್. ನೀನು ಕೆಮ್ಮಿನ ಔಷಧಿ ಕುಡೀತೀಯಲ್ಲ, ಆ ಮುಚ್ಚಳ ಹತ್ತು ಸಿಸಿ."

"ಹಂಗಾರೆ ಅಳೆದು ತೋರ್ಸಿ. ಶರ್ಮಿಳಾ, ತಗೊಂಬಾ ನಿನ್ನ ಜಗ್ಗು."

ಹೀಗೆ ಕಡೂರು ತಾಲ್ಲೂಕಿನಲ್ಲಿ ಬಹುಶಃ ಮೊದಲ ಬಾರಿಗೆ ಎರಡು ಎಂಜಿನುಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಅಳೆಯಲಾಯಿತು. ಶರ್ಮಿಳಾ ಜಗಲಿಯ ಮೇಲೆ ಜಗ್ಗು ಇಟ್ಟು ಎಣ್ಣೆ ಸುರಿದಳು. ನಾನೂರರ ಗೆರೆಗೆ ಒಂದು ಕೂದಲೆಳೆ ಕಮ್ಮಿ: ಅದು ಬಸವರಾಜನ ಕಿತ್ತಳೆ ಗಾಡಿ. ಇನ್ನಷ್ಟು ಸುರಿದಳು, ಆರ್ನೂರೈವತ್ತಕ್ಕೆ ಕೂದಲೆಳೆ ಕಮ್ಮಿ: ಅದು ತೀರ್ಥೇಶನ ಇನ್ನೂ ಬಾರದ ಗಾಡಿ. ಇಬ್ಬರು ಗಂಡಸರೂ ಬಗ್ಗಿ ನೋಡಿದರು. ಎಣ್ಣೆ ತಣ್ಣಗೆ, ನಿಚ್ಚಳವಾಗಿ, ತುಂಬ ಸ್ವಲ್ಪ ಇತ್ತು.

"ಇಷ್ಟೇನಾ?" ಎಂದ ತೀರ್ಥೇಶ.

"ಇಷ್ಟಕ್ಕಾ ನೀವಿಬ್ರೂ ಕಿತ್ತಾಡ್ತಿರೋದು? ನಮ್ಮ ಹಂಡೆ ಆಗಿದ್ರೆ ನಿಮ್ಮನ್ನ ಹಿಡಿಯೋರೇ ಇರ್ತಿರ್ಲಿಲ್ಲ ಬಿಡಿ," ಎಂದರು ಕಮಲಾಕ್ಷಮ್ಮ.

ನಿಶ್ಚಿತಾಗೆ ಹುರುಪು ಬಂತು. ಒಂದೊಂದೇ ಓದಿ ಹೇಳಿದಳು. ಕಾಲೇಜು ಹುಡುಗರು ಮಲಗಿಕೊಂಡಂತೆ ಓಡಿಸುವ ನೂರೈವತ್ತರ ಗಾಡಿಗೆ ಹದಿನೆಂಟು ಕುದುರೆ. ಇನ್ನೂರೈವತ್ತಕ್ಕೆ ಮೂವತ್ತರ ಹತ್ತಿರ. ನಾಲ್ಕು ಸಿಲಿಂಡರಿನ ಆರ್ನೂರರ ರೇಸಿನ ಗಾಡಿಗೆ ನೂರು ದಾಟುತ್ತದೆ. ಸಾವಿರ ಸಿಸಿಯದಕ್ಕೆ ಇನ್ನೂರು ಕುದುರೆ.

"ಸಾವಿರ ಸಿಸಿ ಅಂದ್ರೆ ಎರಡು ಪ್ಯಾಕೆಟ್ ಹಾಲು," ಎಂದಳು ಶರ್ಮಿಳಾ.

"ಎರಡು ಪ್ಯಾಕೆಟ್ ಹಾಲಲ್ಲಿ ಇನ್ನೂರು ಕುದ್ರೆ!" ಬಸವರಾಜನ ಕಣ್ಣು ಅಂಗಡಿಯ ಲೆಕ್ಕಕ್ಕೆ ಹೋಯಿತು. "ಏಳೂವರೆ ಎಚ್‌ಪಿ ಮೋಟ್ರು ಇಪ್ಪತ್ತಾರು ಸೇರಿಸಿದಂಗಾಯ್ತಲ್ಲೋ!"

"ಆದ್ರೆ ಆರ್ನೂರಲ್ಲಿ ನೂರು ಕುದ್ರೆ ಬರುತ್ತೆ ಅಂದ್ಯಲ್ಲ, ನಂದ್ರಲ್ಲಿ ಯಾಕೆ ಬರಲ್ಲ?" ತೀರ್ಥೇಶನ ದನಿಯಲ್ಲಿ ನಿಜವಾದ ನೋವಿತ್ತು.

"ಅದು ನಿಮಿಷಕ್ಕೆ ಹದಿನಾಲ್ಕು ಸಾವಿರ ಸುತ್ತು ತಿರುಗುತ್ತಪ್ಪ. ನಿಂದು ಏಳು ಸಾವಿರದಲ್ಲೇ ಸಾಕು ಅನ್ನುತ್ತೆ."

ಗಂಡಸರಿಗೆ ಇದು ಅರ್ಥವಾಗಲಿಲ್ಲ. ಶರ್ಮಿಳಾಗೆ ಮಾತ್ರ ಅರ್ಥವಾಗಿಹೋಯಿತು. ಬಾವನದು ಮಿಕ್ಸಿ. ಸಣ್ಣ ಜಾರು, ಕಿರುಚಿ ಕಿರುಚಿ ತಿರುಗಿ ಕೆಲಸ ಮುಗಿಸುತ್ತದೆ. ಗಂಡನದು ರುಬ್ಬುವ ಗ್ರೈಂಡರು. ದೊಡ್ಡ ಕಲ್ಲು, ಅವಸರವಿಲ್ಲ, ಉದ್ದಿನ ಬೇಳೆ ತುಂಬಿದ್ದರೂ ಮೊದಲ ಸುತ್ತಿಗೇ ಕದಲುತ್ತದೆ. ಟಾರ್ಕ್ ಅಂದರೆ ಆ ಮೊದಲ ಸುತ್ತು. ಹೇಳೋಣವೆಂದುಕೊಂಡಳು, ಅಷ್ಟರಲ್ಲಿ ತೀರ್ಥೇಶನೇ ಮಾತಾಡಿದ.

"ಕಡೂರಲ್ಲಿ ಎಕ್ಸ್‌ಚೇಂಜ್ ಮೇಳ ಹಾಕಿದಾರೆ. ಹಳೇ ಗಾಡಿ ಕೊಟ್ರೆ ಆಯ್ತು. ನನ್ನ ನೂರೈವತ್ತು ತೋಟಕ್ಕೆ ಬೇಕು, ಶರ್ಮಿಳನ ಎಕ್ಸೆಲ್ ಇದೆಯಲ್ಲ."

ಶರ್ಮಿಳಾ ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನು ಎಣ್ಣೆ ಹಾಕೋಕೆ ಹೋಗ್ಬೇಕಲ್ಲ?"

"ನಾನೇ ಕರ್ಕೊಂಡು ಹೋಗ್ತೀನಿ ಕಣೇ. ಹಿಂದೆ ರಾಣಿ ಥರ ಕೂತ್ಕೊ. ನಿಂಗ್ಯಾಕೆ ಒಬ್ಬಳೇ ಒದ್ದಾಟ?"

ಅವನು ಪ್ರೀತಿಯಿಂದಲೇ ಹೇಳಿದ್ದ. ಅದೇ ಕಷ್ಟ. ಬೈದು ಹೇಳಿದ್ದರೆ ಜಗಳವಾಡಬಹುದಿತ್ತು. ಗಂಡನ ಬೆನ್ನಿಗೆ ಮುಖ ಕೊಟ್ಟು ಕೂತರೆ ಹೆಲ್ಮೆಟ್ಟಿನೊಳಗೆ ಯಾರ ಜೊತೆ ಏನು ಮಾತಾಡುವುದು? ಅವನ ಬಗ್ಗೆಯೇ ಆಡುವ ಮಾತುಗಳು ಅವನ ಕಿವಿಯ ಹಿಂದೆಯೇ ಆಗಿಬಿಡುತ್ತವೆ.

"ತಗೊಳೋದು ಆಮೇಲೆ," ಎಂದ ಬಸವರಾಜ. "ಮೊದಲು ಪರೀಕ್ಷೆ ಆಗ್ಲಿ. ನಾಳೆ ಎಲ್ರೂ ಅಮೃತಾಪುರಕ್ಕೆ ನಾಮಕರಣಕ್ಕೆ ಹೋಗ್ಬೇಕು ತಾನೆ? ಆ ಕಡೂರಿನ ಟೈರ್ ಅಂಗಡಿ ಹೇಮಂತನ ಹತ್ರ ಆರ್ನೂರೈವತ್ತು ಇದೆಯಲ್ಲ, ಇಸ್ಕೊಂಡು ಬಾ. ಇಲ್ಲಿಂದ ಇಬ್ರೂ ಒಟ್ಟಿಗೆ ಹೊರಡೋಣ. ಮೊದಲು ಮುಟ್ಟಿದೋನು ಗೆದ್ದಂಗೆ. ನೀನು ಗೆದ್ರೆ ತಗೊ. ಸೋತ್ರೆ ತೆಪ್ಪಗೆ ನಿನ್ನ ಹಳೇ ನೂರೈವತ್ತರಲ್ಲೇ ಇರು."

"ಆಯ್ತು."

"ಇನ್ನೊಂದು. ನಿನ್ನ ಗಾಡಿಗೆ ಟಾರ್ಕ್ ಇದೆ ಅಂತೀಯಲ್ಲ, ಹಿಂದೆ ಶರ್ಮಿಳನ್ನ ಕೂರಿಸ್ಕೊಂಡು ಓಡ್ಸು."

"ಹಂಗಾರೆ ನೀನೂ ಅಷ್ಟೇ ತೂಕ ಹೊರ್ಬೇಕು! ಕಾಯಿ ಚೀಲ ಕಟ್ಕೊ!"

ಆಮೇಲೆ ನಡೆದದ್ದನ್ನು ಶರ್ಮಿಳಾ ಎಷ್ಟೋ ದಿನ ಮರೆಯಲಿಲ್ಲ. ಇಬ್ಬರೂ ಸೇರಿ ಕೊಬ್ಬರಿ ತೂಗುವ ತಕ್ಕಡಿಯನ್ನು ಅಂಗಳಕ್ಕೆ ಎಳೆದು ತಂದು ಅವಳ ಮುಖ ನೋಡಿದರು. "ಹತ್ತಲ್ಲ," ಎಂದಳು. ಬೇಡಿಕೊಂಡರು. "ಹತ್ತಲ್ಲ ಅಂದ್ರೆ ಹತ್ತಲ್ಲ." ಕೊನೆಗೆ ಕಮಲಾಕ್ಷಮ್ಮ ಕಣ್ಣಳತೆಯಲ್ಲೇ ತೀರ್ಪು ಕೊಟ್ಟರು. "ಬಂದಾಗ ಒಂದು ಚೀಲ ಇದ್ಲು. ಈಗ ಒಂದೂವರೆ ಹಾಕ್ಕೊಳಿ."

ಒಂದೂವರೆ ಚೀಲ ಸುಲಿದ ಕಾಯಿಯನ್ನು ಒಂದೇ ದೊಡ್ಡ ಗೋಣಿಗೆ ತುಂಬಿ, ಸೈಕಲ್ ಟ್ಯೂಬಿನಿಂದ ಹೋಳಿಗೆ ಸೀಟಿಗೆ ಬಿಗಿದರು. ಬಸವರಾಜ ಗೋಣಿಯ ಬೆನ್ನು ತಟ್ಟಿ, "ಬಾರವ್ವ ಶರ್ಮಿಳಾ," ಎಂದ.

ಭಾನುವಾರ ಬೆಳಿಗ್ಗೆ ಊರ ಮುಂದೆ ಬಸ್ಸು ಬಂದು ನಿಂತ ಹೊತ್ತಿಗೇ ಇವರೂ ಹೊರಟರು. ಕಮಲಾಕ್ಷಮ್ಮ ಮತ್ತು ನಿಶ್ಚಿತಾ ಬಸ್ಸು ಹತ್ತಿದರು. ಕಡೂರಿನಲ್ಲಿ ಬಸ್ಸು ಬದಲಾಯಿಸಿ, ತರೀಕೆರೆಯಲ್ಲಿ ಆಟೋ ಹಿಡಿದು ಅಮೃತಾಪುರ ಸೇರಬೇಕು. ಶರ್ಮಿಳಾ ಚೂಡಿದಾರ ಹಾಕಿ, ರೇಷ್ಮೆ ಸೀರೆಯನ್ನು ಚೀಲದಲ್ಲಿ ಬೆನ್ನಿಗೆ ಏರಿಸಿ, ಕೂಸಿನ ತಲೆಗೆ ಹಚ್ಚಲೆಂದು ಎಣ್ಣೆಯ ಕ್ಯಾನನ್ನು ತನಗೂ ಗಂಡನಿಗೂ ನಡುವೆ ಇಟ್ಟುಕೊಂಡು, ಹೇಮಂತನ ಆರ್ನೂರೈವತ್ತರ ಹಿಂದೆ ಎರಡು ಕಡೆ ಕಾಲು ಹಾಕಿ ಕೂತಳು. ಒಳಗೊಳಗೇ ತೀರ್ಮಾನಿಸಿದ್ದಳು: ಈ ಗಾಡಿ ಸೋಲಬೇಕು. ಸೋಲಿಸುವುದು ಹಿಂದೆ ಕೂತವಳಿಗೆ ಕಷ್ಟದ ಕೆಲಸವೇನಲ್ಲ.

ಕಡೂರಿನಲ್ಲಿ, "ರೀ, ಹೂವ."

"ಅಮೃತಾಪುರದಲ್ಲಿ ಸಿಗಲ್ವೇನೇ?"

"ಶುಭಕಾರ್ಯಕ್ಕೆ ಬರೀ ತಲೇಲಿ ಹೋಗ್ತಾರಾ?"

ಬಸವರಾಜ ಕಡೂರು ದಾಟುತ್ತಲೇ, "ನಂಗೆ ಶಾರ್ಟ್‌ಕಟ್ ಗೊತ್ತು ಕಣೋ, ಎಮ್ಮೆದೊಡ್ಡಿ ಮೇಲೆ," ಎಂದು ಕೂಗಿ ಎಡಕ್ಕೆ ತಿರುಗಿ ಮಾಯವಾದ. ಮಿಕ್ಸಿಯ ಕಿರುಚಾಟ ಸ್ವಲ್ಪ ಹೊತ್ತು ಕೇಳಿಸಿತು. ಶರ್ಮಿಳಾ ಇನ್ನೊಮ್ಮೆ ಬಾಳೆಹಣ್ಣಿಗೆ ನಿಲ್ಲಿಸಿದಳು. ಬೀರೂರಿನಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಯಿತೆಂದು ನಿಲ್ಲಿಸಿದಳು. ತೀರ್ಥೇಶ ಹಲ್ಲು ಕಡಿದ, ಬಯ್ಯಲಿಲ್ಲ.

ಬೀರೂರು ದಾಟಿದ ಮೇಲೆ ರಸ್ತೆ ಅಗಲವಾಗಿ, ಖಾಲಿಯಾಗಿ ಬಿದ್ದುಕೊಂಡಿತ್ತು. ತೀರ್ಥೇಶ ಕೈ ತಿರುಚಿದ. ಏನಾಯಿತೆಂದು ಅವಳಿಗೆ ಆಗಲೇ ಗೊತ್ತಾಗಲಿಲ್ಲ. ಕಿರುಚಾಟ ಇಲ್ಲ, ಕುಲುಕಾಟ ಇಲ್ಲ. ಕೆಳಗೆ ಕಲ್ಲು ಒಂದು ಸುತ್ತು ತಿರುಗಿದಂತೆ ಗುಡುಗುಡು ಎಂದದ್ದಷ್ಟೇ, ಎರಡೂ ಕಡೆಯ ಬೇಲಿಗಳು ಹಿಂದಕ್ಕೆ ಓಡತೊಡಗಿದವು. ಹೊಟ್ಟೆಯೊಳಗಿಂದ ಏನೋ ಎದ್ದು ಬಂತು. ಹೆದರಿಕೆ ಎಂದುಕೊಂಡಳು. ಬಾಯಿಗೆ ಬಂದಾಗ ಅದು ನಗೆಯಾಗಿತ್ತು. ಹುಡುಗಿಯಾಗಿದ್ದಾಗ ಉಯ್ಯಾಲೆಯ ಮೇಲೆ ಬಂದಂಥ, ತಡೆಯಲಾಗದ, ಅರ್ಥವಿಲ್ಲದ ನಗೆ.

"ಏನಾಯ್ತೇ? ಹೆದ್ರಿಕೆನಾ?" ತೀರ್ಥೇಶ ಕೂಗಿದ.

"ಇಲ್ಲ, ಇನ್ನೂ ಸ್ವಲ್ಪ!" ಎಂದುಬಿಟ್ಟಳು.

ಹೇಳಿದ ಮೇಲೆ ಅವಳಿಗೇ ಸಿಟ್ಟು ಬಂತು. ಯಾವ ಪಕ್ಷ ನಿನ್ನದು? ಮನೆಯಲ್ಲಿ ಎಕ್ಸೆಲ್ಲು ಗೋಡೆಗೆ ಒರಗಿ ನಿಂತಿದೆ, ನೂರು ಸಿಸಿ, ನಾಲ್ಕೇ ಕುದುರೆ. ಅದೂ ಮುಂದೆ ಎಣ್ಣೆ, ಹಿಂದೆ ಹಿಂಡಿಚೀಲ ಹೊತ್ತು ಒಂದು ದಿನವೂ ಬೇಸರಪಟ್ಟದ್ದಿಲ್ಲ. ನೀನಿಲ್ಲಿ ನಗುತ್ತೀಯಲ್ಲ. ಹೀಗೆಂದು ತನ್ನನ್ನು ತಾನು ಬೈದುಕೊಳ್ಳುತ್ತಲೇ ನಗುತ್ತಿದ್ದಳು. ತರೀಕೆರೆಯವರೆಗೂ ಎಲ್ಲೂ ನಿಲ್ಲಿಸು ಎನ್ನಲಿಲ್ಲ.

ತರೀಕೆರೆಯ ಇಳಿಜಾರಿನ ಬೀದಿಯೊಂದರಲ್ಲಿ ಈರಭದ್ರಪ್ಪ ಜಗಲಿಯ ಮೇಲೆ ಕೂತಿದ್ದರು. ತೀರ್ಥೇಶನ ಸೋದರಮಾವ, ಮಂಡಿನೋವಿನಿಂದ ಎಲ್ಲಿಗೂ ಹೋಗದವರು. ಅವರ ಕಣ್ಣಿಗೆ ಬಿದ್ದ ನೆಂಟರು ಒಳಗೆ ಹೋಗಿ ಉಪ್ಪಿಟ್ಟು ತಿನ್ನದೆ ಆ ಬೀದಿ ದಾಟಿದ್ದಿಲ್ಲ. ದಾಟಿದವರ ಮನೆಯ ಮದುವೆಗೆ ಅವರು ಹೋದದ್ದಿಲ್ಲ. ತೀರ್ಥೇಶ ಅವರನ್ನು ನೋಡಿರಲಿಲ್ಲ. ಶರ್ಮಿಳಾ ನೋಡಿದಳು. ಅಮೃತಾಪುರ ಇನ್ನೇನು ಬಂತು. ಗೆದ್ದರೆ ಎಕ್ಸೆಲ್ಲು ಹೋಗುತ್ತದೆ. ಮುಟ್ಟಿದರೆ ಇದರಿಂದ ಇಳಿಯಬೇಕು. ಎರಡೂ ಬೇಡವಾಗಿತ್ತು.

"ರೀ, ಈರಭದ್ರಪ್ಪ ಮಾವ. ನಮ್ಮನ್ನ ನೋಡಿದ್ರು."

ಗಾಡಿ ನಿಂತಿತು. ತೀರ್ಥೇಶ ಹೆಲ್ಮೆಟ್ಟಿನೊಳಗೇ ನರಳಿದ.

"ಏನಪ್ಪಾ ಇದು, ಎಷ್ಟು ಎಚ್‌ಪಿ?" ಈರಭದ್ರಪ್ಪ ಕೂತಲ್ಲಿಂದಲೇ ಕೇಳಿದರು.

"ನಲವತ್ತೇಳು ಮಾವ."

"ಅಬ್ಬಾ! ಎಷ್ಟಿಂಚು ನೀರೆತ್ತುತ್ತೆ?"

"ನೀರು ಎತ್ತಲ್ಲ ಮಾವ, ಬೈಕು."

"ಮತ್ತೆ ನಲವತ್ತೇಳು ಎಚ್‌ಪಿ ಇಟ್ಕೊಂಡು ಏನ್ ಮಾಡ್ತೀಯಾ?"

"ಓಡಾಡ್ತೀನಿ."

"ಒಬ್ನೇನಾ?" ಆ ದನಿಯಲ್ಲಿ ಮರುಕವಿತ್ತು. "ಬಾ ಒಳಗೆ, ಉಪ್ಪಿಟ್ಟು ತಿನ್ನು."

ಇಳಿಜಾರಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಲು ತೀರ್ಥೇಶನಿಗೆ ಧೈರ್ಯವಾಗಲಿಲ್ಲ. ಇನ್ನೂರು ಕೇಜಿ ದಾಟುವ ಗಾಡಿ, ಬಿದ್ದರೆ ಹೇಮಂತ ಬಿಡುವವನಲ್ಲ. "ನೀನು ಮುಂದೆ ಕೂತು ಬ್ರೇಕ್ ಹಿಡ್ಕೊಂಡಿರು, ಎರಡೇ ನಿಮಿಷ," ಎಂದು ಒಳಗೆ ಹೋದ. ಎರಡು ನಿಮಿಷದಲ್ಲಿ ಆ ಮನೆಯಿಂದ ಹೊರಬಂದವರು ಯಾರೂ ಇಲ್ಲ.

ಶರ್ಮಿಳಾ ಹೆಲ್ಮೆಟ್ಟು ತೆಗೆದು ಕನ್ನಡಿಗೆ ಸಿಕ್ಕಿಸಿ ಮುಂದೆ ಸರಿದು ಕೂತಳು. ತುದಿಗಾಲು ನೆಲ ಮುಟ್ಟಿತು. ಗಾಡಿ ಎಡಕ್ಕೆ ವಾಲಿತು. ತೊಡೆ ಬಿಗಿದು ಮೆಲ್ಲಗೆ ಎತ್ತಿದಳು. ಎತ್ತುತ್ತ ಎತ್ತುತ್ತ ಒಂದು ಕಡೆ ಅದಕ್ಕೆ ತೂಕವೇ ಇಲ್ಲವಾಯಿತು. ಅಷ್ಟು ದೊಡ್ಡ ಕಬ್ಬಿಣ, ಎರಡು ಬೆರಳಿಗೆ ಸುಮ್ಮನೆ ನಿಂತಿತು. ಎಕ್ಸೆಲ್ಲಿಗೂ ಹೀಗೇ ಒಂದು ಜಾಗವಿದೆ, ಕೊಡಕ್ಕೂ ಇದೆ, ಸೊಂಟದ ಮೇಲಿನ ಕೂಸಿಗೂ ಇದೆ. ಅವಳಿಗೆ ಆ ಜಾಗ ಹುಡುಕುವುದು ಹೊಸದಲ್ಲ.

ಕೀಲಿ ಅಲ್ಲೇ ಇತ್ತು. ಸುತ್ತಲೂ ನೋಡಿದಳು. ನ್ಯೂಟ್ರಲ್ಲಿನ ಹಸಿರು ದೀಪ ಹತ್ತಿತು. ಗುಂಡಿ ಒತ್ತಿದಳು. ಗುಡುಗುಡು ಗುಡುಗುಡು. ಅಂಗೈಗೆ, ಮಂಡಿಗೆ, ಕಿವಿಯೋಲೆಗೆ ಬಂತು. ಅವಳ ಅಡುಗೆಮನೆಯ ಗ್ರೈಂಡರಿನ ಸದ್ದೇ, ಆದರೆ ಇದು ಯಾರಿಗೂ ದೋಸೆ ಹಾಕಿಕೊಡಬೇಕಾಗಿರಲಿಲ್ಲ.

ಎದುರುಮನೆಯ ಮುದುಕಿ ಸೊಪ್ಪು ಬಿಡಿಸುವುದನ್ನು ಬಿಟ್ಟು ಬಾಗಿಲಿಗೆ ಬಂದಳು. "ನಿಂದೇನವ್ವಾ ಗಾಡಿ?"

"ಹೂಂ, ನಂದೇ."

"ನೀನೇ ಓಡಿಸ್ತೀಯಾ?"

"ಹೂಂ ಕಣವ್ವಾ."

"ಓಡ್ಸು, ಓಡ್ಸು," ಎಂದು ಮುದುಕಿ ಸೊಪ್ಪಿಗೆ ಮರಳಿದಳು, ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ ಎನ್ನುವ ಹಾಗೆ. ಆ ಎರಡು ಸುಳ್ಳನ್ನು ಶರ್ಮಿಳಾ ಹೆಲ್ಮೆಟ್ಟಿಲ್ಲದ ಬಾಯಿಂದ, ಗಟ್ಟಿಯಾಗಿ, ಇನ್ನೊಬ್ಬರಿಗೆ ಕೇಳಿಸುವಂತೆ ಹೇಳಿದ್ದಳು. ಒಳಗೆ ಕುರ್ಚಿ ಸರಿದ ಸದ್ದಾದ ಕೂಡಲೇ ಎಂಜಿನ್ ಆರಿಸಿದಳು.

ಅಮೃತಾಪುರ ಮುಟ್ಟಿದಾಗ ನಾಮಕರಣದ ಮನೆಯ ಚಪ್ಪರದಲ್ಲಿ ಬಸವರಾಜ ಇರಲಿಲ್ಲ. ತೀರ್ಥೇಶ ಗಾಡಿಯಿಂದ ಹಾರಿ ಇಳಿದ. "ಗೆದ್ದೆ!"

"ಯಾರನ್ನ ಗೆದ್ದ್ಯೋ?" ಚಪ್ಪರದ ಮೂಲೆಯಿಂದ ಕಮಲಾಕ್ಷಮ್ಮ ಕೇಳಿದರು. ಅವರ ಮುಂದೆ ಎಲೆ, ಎಲೆಯಲ್ಲಿ ಎರಡನೆಯ ಹೋಳಿಗೆ. "ನಾವು ಬಂದು, ಕೂಸಿಗೆ ಹೆಸರಿಟ್ಟು, ಕೈ ತೊಳ್ಕೊಂಡು ಊಟಕ್ಕೂ ಕೂತಾಯ್ತು. ಬಸ್ಸು ಗೆದ್ದಿದ್ದು ಕಣೋ."

"ಬಸ್ಸು ಪಂದ್ಯದಲ್ಲಿ ಇರ್ಲಿಲ್ಲಮ್ಮ!"

"ನಾನು ಡ್ರೈವರ್ರನ್ನ ಕೇಳ್ದೆ. ಐದು ಸಾವಿರ ಸಿಸಿ ದಾಟುತ್ತಂತೆ. ಅದಕ್ಕೆ ಎಷ್ಟು ಕುದ್ರೆ ಅಂದ್ಯೇ ನಿಶ್ಚಿತಾ?"

"ನೂರ ಮೂವತ್ತು."

"ನೂರ ಮೂವತ್ತೇ. ಅದರಲ್ಲಿ ಅರವತ್ತು ಜನ, ಎರಡು ಕೋಳಿ, ಒಂದು ಕಬ್ಬಿಣದ ಬೀರು. ಹೆಂಗಸ್ರಿಗೆ ಟಿಕೆಟ್ಟೂ ಇಲ್ಲ. ನಿಮ್ಮ ನಲವತ್ತೇಳು ಕುದ್ರೆ ಇಬ್ರನ್ನ ಹೊತ್ಕೊಂಡು ಬರೋಕೆ ಮಧ್ಯಾಹ್ನ ಆಯ್ತಲ್ಲೋ!"

ಬಸವರಾಜ ಬಂದದ್ದು ಕೊನೆಯ ಪಂಕ್ತಿಯ ಹೊತ್ತಿಗೆ. ಅಂಗಿಗೆ ಸಗಣಿ, ಕಿತ್ತಳೆ ಮಿಡತೆಯ ಮುಖಕ್ಕೂ ಸಗಣಿ. ಹಿಂದಿನ ಸೀಟಿನಲ್ಲಿ ಖಾಲಿ ಗೋಣಿ ಜೋತಾಡುತ್ತಿತ್ತು.

"ಬಾವ! ಏನಾಯ್ತು? ಚೀಲ ಎಲ್ಲಿ?"

"ನಿನ್ನ ಶರ್ಮಿಳಾ ಒಡೆದೋದ್ಲು ಕಣೋ," ಎಂದ ಬಸವರಾಜ, ಕಂಬಕ್ಕೆ ಒರಗಿ. "ಎಮ್ಮೆದೊಡ್ಡಿ ಕಾವಲಲ್ಲಿ ಅಮೃತಮಹಲ್ ದನ ರಸ್ತೆ ತುಂಬ ನಿಂತಿದ್ವು. ನಾನು ಸುಮ್ನಿರದೆ ಎಕ್ಸಲರೇಟರ್ ಕೊಟ್ಟೆ, ಸದ್ದಿಗೆ ಸರೀಲಿ ಅಂತ. ಎಲ್ಲಾ ತಿರುಗಿ ನನ್ನೇ ನೋಡಿದ್ವು ನೋಡು. ಕೊಂಬು ಅಂದ್ರೆ ಕೊಂಬು! ಗಾಡಿ ತಿರುಗಿಸೋಕೆ ಹೋದೆ, ಟ್ಯೂಬು ಕಿತ್ಕೊಳ್ತು. ಅರ್ಧ ಶರ್ಮಿಳಾ ಹಳ್ಳಕ್ಕೆ ಉರುಳಿದ್ಲು, ಅರ್ಧ ದನದ ಕಾಲಡಿಗೆ. ನಲವತ್ತಾರು ಕುದ್ರೆ ಇಟ್ಕೊಂಡು ಬೇಲಿ ಸಂದೀಲಿ ಕೂತಿದ್ದೆ, ದನ ಕಾಯೋನು ಬರೋವರ್ಗೂ."

ಶರ್ಮಿಳಾ ಸೀರೆಯ ಸೆರಗು ಬಾಯಿಗೆ ತುರುಕಿಕೊಂಡಳು. ಅತ್ತಿಗೆ ಗಂಡನ ಮುಂದೆ ಎಲೆ ಹಾಸಿ, "ಬಸ್ಸಲ್ಲಿ ಬನ್ನಿ ಅಂದ್ರೆ ಕೇಳಿದ್ರಾ?" ಎಂದಷ್ಟೇ ಕೇಳಿದಳು.

ಹೇಗೇ ನೋಡಿದರೂ ಗೆದ್ದವನು ತೀರ್ಥೇಶ. ವಾಪಸ್ಸು ಹೊರಡುವ ಮುಂಚೆ ಎಲ್ಲರೆದುರೂ ಹೇಳಿದ, "ಬುಧವಾರ ಶೋರೂಮಿಗೆ ಹೋಗೋಣ. ಎಕ್ಸೆಲ್ ನಿನ್ನ ಹೆಸರಲ್ಲಿದೆಯಲ್ಲ ಶರ್ಮಿಳಾ, ಕೊಡೋಕೆ ನಿನ್ನ ಸೈನ್ ಬೇಕು."

"ನೋಡೋಣ," ಎಂದಳು ಅವಳು. ಅವನು ಅದನ್ನು ಹೂಂ ಎಂದೇ ಕೇಳಿಸಿಕೊಂಡ. ಇಪ್ಪತ್ತು ವರ್ಷದಿಂದ ಅವಳ "ನೋಡೋಣ" ಹೂಂ ಆಗಿಯೇ ಇತ್ತು, ಅವನ ತಪ್ಪೇನಲ್ಲ.

ಸೋಮವಾರ ಮಧ್ಯಾಹ್ನ ಅವಳು ಮತ್ತೆ ಎಣ್ಣೆಯ ಮುಂದೆ ಕೂತಳು. ನಾಳೆ ಕಡೂರಿನ ಸರದಿ. ಹೊರಗೆ ತೀರ್ಥೇಶ ಬಾವನಿಗೆ ಫೋನು ಮಾಡಿ, ಬಣ್ಣ ಕಪ್ಪೋ ಹಸಿರೋ ಎಂದು ವಾದಿಸುತ್ತಿದ್ದ. ಬಾವ ಆಗಲೇ ಸಾವಿರ ಸಿಸಿಯ ಮಾತು ಎತ್ತಿದ್ದನೆಂದು ಕಾಣುತ್ತದೆ. "ಎರಡು ಪ್ಯಾಕೆಟ್ ಹಾಲಾ? ನಿನ್ನ ಸೊಂಟ ತಡೆಯುತ್ತಾ ಬಾವ?" ಎನ್ನುತ್ತಿದ್ದ.

ಶರ್ಮಿಳಾ ಜಗ್ಗನ್ನು ನೆಲದ ಮೇಲೆ ಮಟ್ಟಸವಾಗಿಟ್ಟು ಎಣ್ಣೆ ಬಿಟ್ಟಳು. ಆರ್ನೂರೈವತ್ತಕ್ಕೆ ಕೂದಲೆಳೆ ಕಮ್ಮಿ. ಬರಲಿ ಅದು. ಬೇಡ ಎನ್ನುವುದಿಲ್ಲ. ನಿಧಾನವಾಗಿ ಇನ್ನೊಂದು ನೂರು ಸೇರಿಸಿದಳು. ಇದು ಎಕ್ಸೆಲ್ಲು, ಹೋಗುವುದಿಲ್ಲ. ಬುಧವಾರವಲ್ಲ, ಯಾವ ವಾರವೂ ಆ ಕಾಗದಕ್ಕೆ ತಾನು ಸೈನ್ ಹಾಕುವುದಿಲ್ಲ. ಅವಳ ಲೈಸೆನ್ಸಿನಲ್ಲಿ ಗೇರ್ ಇಲ್ಲದ ಗಾಡಿ ಎಂದಿತ್ತು. ನಾಳೆ ಬಾಟಲಿಗಳನ್ನು ಕೊಟ್ಟಾದ ಮೇಲೆ ಕಡೂರಿನಿಂದ ಮನೆ ಕಡೆ ತಿರುಗದೆ, ಎಕ್ಸೆಲ್ಲಿನಲ್ಲೇ ತರೀಕೆರೆಯ ಆರ್‌ಟಿಒ ಆಫೀಸಿನವರೆಗೂ ಹೋಗಿ, ಗೇರ್ ಇರುವುದಕ್ಕೆ ಏನೇನು ಬೇಕು ಎಂದು ಕೇಳಿಕೊಂಡು ಬರುವುದು. ದೊಡ್ಡದನ್ನು ಓಡಿಸುವುದು ಕಲಿಯುವುದು. ಬರುವಾಗ ಆ ಇಳಿಜಾರಿನ ಬೀದಿಯಲ್ಲೇ ಬರಬೇಕು. ಈರಭದ್ರಪ್ಪ ಮಾವನಿಗೆ ಕಾಣದಂತೆ, ಆದರೆ ಸೊಪ್ಪಿನ ಮುದುಕಿಗೆ ಕಾಣುವಂತೆ.

ಜಗ್ಗಿನಲ್ಲಿ ಎಣ್ಣೆ ಏಳ್ನೂರೈವತ್ತಕ್ಕೆ ಇನ್ನೇನು ಮುಟ್ಟುವಂತೆ ನಿಂತಿತ್ತು. ನೀರು ಕುಡಿಯಲು ಒಳಗೆ ಬಂದ ತೀರ್ಥೇಶ ಬಗ್ಗಿ ನೋಡಿದ.

"ಇದ್ಯಾರಿಗೆ, ಅರ್ಧವೂ ಅಲ್ಲ, ಒಂದೂ ಅಲ್ಲ?"

"ಯಾರಿಗೋ ಇಷ್ಟೇ ಬೇಕಂತೆ," ಎಂದಳು ಶರ್ಮಿಳಾ. ಆಲಿಕೆಯನ್ನು ಲೀಟರಿನ ಬಾಟಲಿಗೆ ಇಟ್ಟು, ಕಣ್ಣು ಎತ್ತದೆ, ಒಂದು ಹನಿಯೂ ಚೆಲ್ಲದಂತೆ ಸುರಿಯತೊಡಗಿದಳು. ಅವನು ಮತ್ತೇನೋ ಕೇಳಿದ. ಆಲಿಕೆಯಲ್ಲಿ ಎಣ್ಣೆ ಇತ್ತು, ಅವಳು ಓಗೊಡಲಿಲ್ಲ.